ಮೂಲದೇಶದ ಪ್ರಮಾಣಪತ್ರ

ಬಾಗಲಕೋಟೆ ಜಿಲ್ಲೆಯ ದಾಳಿಂಬೆಯು ಕಡಲಾಚೆಗೆ ಹೋದಾಗ, ಅದು ಯಾವ ದೇಶದ ಬೆಳೆಯೆಂದು ಅಲ್ಲಿಯ ಸುಂಕದ ಅಧಿಕಾರಿಗಳು ವಿಚಾರಿಸುವರು. ಅದಕ್ಕೆ ಉತ್ತರವಾದ ದಾಖಲೆಯೇ ಮೂಲದೇಶದ ಪ್ರಮಾಣಪತ್ರವು. ಹಣ್ಣಿನ ಗುಣವನ್ನಾಗಲಿ ಆರೋಗ್ಯವನ್ನಾಗಲಿ ಇದು ಹೇಳುವುದಿಲ್ಲ. ಸಸ್ಯಾರೋಗ್ಯದ ಪತ್ರವು ಬೇರೆಯೇ ಉಂಟು.

ಭಾರತಕ್ಕೂ ಸಂಯುಕ್ತ ಅರಬ್ ಸಂಸ್ಥಾನಕ್ಕೂ ಆದ ಒಪ್ಪಂದವು 2022ನೆಯ ಮೇ 1ರಿಂದ ಜಾರಿಯಲ್ಲಿದೆ. ಅದರ ಸುಂಕ ರಿಯಾಯಿತಿಯನ್ನು ಬಯಸುವವರು ಈ ಪತ್ರವನ್ನು ಹಾಜರುಪಡಿಸಬೇಕು. ಭಾರತದ ನೆಲದಲ್ಲಿಯೇ ಬೆಳೆದು ಕೊಯ್ದ ಫಲವು ಪೂರ್ಣವಾಗಿ ಭಾರತದ್ದೆಂದು ಎಣಿಸಲ್ಪಡುವುದು. ಅದರಲ್ಲಿ ಆಫ್ಘಾನಿಸ್ತಾನದ ಹಣ್ಣನ್ನು ಬೆರೆಸಿದರೆ ಪತ್ರವು ಸುಳ್ಳಾಗಿ ರಿಯಾಯಿತಿಯು ತಪ್ಪಿಹೋಗುವುದು.

ಅರ್ಜಿ ಮಾಡುವವನು ರಫ್ತು ವರ್ತಕನಾದರೂ, ಅವನ ಹೇಳಿಕೆಗೆ ಆಧಾರವು ಬೆಳೆದವನ ಲೆಕ್ಕವೇ. ಆದಕಾರಣ ಮಹಾಕೂಟದ ಸುತ್ತಣ ಜಮೀನುದಾರರು ಸರ್ವೆ ನಂಬರು, ಕೊಯ್ಲಿನ ದಿನ, ತೂಕ, ಕೊಂಡವನ ಹೆಸರು ಇವುಗಳನ್ನು ಬರೆದಿಡತಕ್ಕದ್ದು. ಊರ ಗೌಡರು ಎಲ್ಲರಿಗೂ ತಿಳಿಯಹೇಳತಕ್ಕದ್ದು.