ನಾರ್ವೆ: ನಕ್ಷೆಯ ಗಾತ್ರ, ನಿಜವಾದ ಗಾತ್ರ

• ವಿಸ್ತೀರ್ಣ: ಮುಖ್ಯಭೂಮಿ ಸುಮಾರು 3.24 ಲಕ್ಷ ಚ.ಕಿ.ಮೀ.; ಸ್ವಾಲ್ಬಾರ್ಡ್, ಯಾನ್ ಮಾಯೆನ್ ದ್ವೀಪಗಳು ಸೇರಿ 3.85 ಲಕ್ಷ. ಪ್ರಶ್ನೆ ಯಾವುದನ್ನು ಕೇಳಿದೆಯೆಂದು ಮೊದಲು ನೋಡಿ.

• ಜನಸಂಖ್ಯೆ: ಸುಮಾರು 55 ಲಕ್ಷ.

• ಹೋಲಿಕೆ: ಜರ್ಮನಿ 3.57 ಲಕ್ಷ ಚ.ಕಿ.ಮೀ., ಸುಮಾರು 8.3 ಕೋಟಿ ಜನ. ವಿಸ್ತೀರ್ಣ ಹತ್ತಿರ ಹತ್ತಿರ, ಜನ 15 ಪಟ್ಟು. ಕಾರಣ: ನಾರ್ವೆಯ ಬಹುಭಾಗ ಪರ್ವತ, ಕೃಷಿಭೂಮಿ ಶೇ. 3ರಷ್ಟೇ.

• ಭಾರತ (32.87 ಲಕ್ಷ ಚ.ಕಿ.ಮೀ.) ನಾರ್ವೆಯ ಎಂಟು ಪಟ್ಟಿಗಿಂತಲೂ ದೊಡ್ಡದು.

• ನಕ್ಷೆಯಲ್ಲಿ ಹಿಗ್ಗುವುದೇಕೆ? (ಬಹು ಮುಖ್ಯ) ಮರ್ಕೇಟರ್ ಪ್ರಕ್ಷೇಪ, 1569: ಕೋನ ಸರಿ, ವಿಸ್ತೀರ್ಣ ತಪ್ಪು. ಸಮಭಾಜಕಕ್ಕೆ ಹೋಲಿಸಿದರೆ 60° ಅಕ್ಷಾಂಶದಲ್ಲಿ ವಿಸ್ತೀರ್ಣ 4 ಪಟ್ಟು ಕಾಣುತ್ತದೆ. ಓಸ್ಲೋ ಇರುವುದು ಅಲ್ಲೇ. ದೇಶದ ಬಹುಪಾಲು ಇನ್ನೂ ಉತ್ತರಕ್ಕಿದೆ.

• ಗೊಂದಲ ಬೇಡ: ಸ್ವಾಲ್ಬಾರ್ಡ್ ನಾರ್ವೆಯದು (1920ರ ಒಪ್ಪಂದ), ಗ್ರೀನ್‌ಲ್ಯಾಂಡ್ ಡೆನ್ಮಾರ್ಕ್‌ನದು.