ಕುದುರೆಮುಖದ ಬೆಟ್ಟ, ಭದ್ರೆಯ ನೀರು

ಮಕ್ಕಳೇ, ಒಂದು ಹಿಡಿ ಒಣ ಮರಳನ್ನು ಕಾಗದದ ಮೇಲೆ ಹರಡಿ. ಅದರ ಮೇಲೆ ಅಯಸ್ಕಾಂತವನ್ನು ಆಡಿಸಿ. ಕಪ್ಪು ಕಣಗಳು ಅಂಟಿಕೊಂಡವೇ? ಅವುಗಳಲ್ಲಿ ಹೆಚ್ಚಿನವು ಮ್ಯಾಗ್ನಟೈಟ್ ಎಂಬ ಕಬ್ಬಿಣದ ಅದಿರು. ಈಗ ಕಾಗದದ ಮೇಲೆ ಉಳಿದ ಮರಳನ್ನು ನೋಡಿ. ಇದನ್ನು ಎಲ್ಲಿ ಹಾಕುತ್ತೀರಿ?

ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದಲ್ಲಿ ಇದೇ ಪ್ರಶ್ನೆ ಬೆಟ್ಟದಷ್ಟು ದೊಡ್ಡದಾಗಿತ್ತು. ಅಲ್ಲಿಯ ಅದಿರೂ ಮ್ಯಾಗ್ನಟೈಟ್. ಆದರೆ 100 ಕಿ.ಗ್ರಾಂ ಅದಿರಿನಲ್ಲಿ ಕಬ್ಬಿಣ ಇದ್ದದ್ದು 40 ಕಿ.ಗ್ರಾಂಗಿಂತ ಕಡಿಮೆ. ಆದ್ದರಿಂದ ಬೆಟ್ಟವನ್ನು ಅಗೆದು, ಕಲ್ಲನ್ನು ನುಣ್ಣಗೆ ಅರೆದು, ಕಬ್ಬಿಣ ಹೆಚ್ಚಾಗಿರುವ ಪುಡಿಯನ್ನು ಬೇರ್ಪಡಿಸುತ್ತಿದ್ದರು. ಆ ಪುಡಿಯನ್ನು ನೀರಿನಲ್ಲಿ ಕಲಸಿ, ಸುಮಾರು 67 ಕಿ.ಮೀ. ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಜಾಣತನದ ಏರ್ಪಾಡೇ ಸರಿ! ಉಳಿದ ಕೆಸರನ್ನು ಹಿಡಿದಿಡಲು ಲಕ್ಯಾ ಹೊಳೆಗೆ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದರು. ಲಕ್ಯಾ ಹೊಳೆ ಸೇರುವುದು ಭದ್ರಾ ನದಿಯನ್ನು.

ತುಂಗಾ, ಭದ್ರಾ, ನೇತ್ರಾವತಿ ಈ ಮೂರೂ ನದಿಗಳು ಹುಟ್ಟುವುದು ಇದೇ ಬೆಟ್ಟಸಾಲಿನಲ್ಲಿ. ಇಲ್ಲಿ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ ಬೀಳುತ್ತದೆ. ಬಿದ್ದ ನೀರು ಹರಿಯದೆ ನಿಂತರೆ ಎರಡು ಅಂತಸ್ತಿನ ಮನೆ ಮುಳುಗೀತು. ಇಷ್ಟು ಮಳೆಯನ್ನು ತಾಳಿಕೊಳ್ಳುವುದು ಹೇಗೆ? ಗುಡ್ಡದ ಮೈಮೇಲೆಲ್ಲ ಹುಲ್ಲುಗಾವಲು, ಕಣಿವೆಯ ಮಡಿಲಲ್ಲಿ ಒತ್ತಾದ ಶೋಲಾ ಕಾಡು. ಹುಲ್ಲಿನ ಬೇರುಗಳು ಮಣ್ಣನ್ನು ಹಿಡಿದುಕೊಳ್ಳುತ್ತವೆ. ಕಾಡಿನ ನೆಲದ ತರಗೆಲೆ ನೀರನ್ನು ಹೀರಿ ನಿಧಾನವಾಗಿ ಬಿಟ್ಟುಕೊಡುತ್ತದೆ. ಹಾಗಾಗಿಯೇ ಮಳೆ ನಿಂತು ತಿಂಗಳುಗಳಾದರೂ ಹೊಳೆ ಹರಿಯುತ್ತಿರುತ್ತದೆ. ಅಗೆದ ಗುಡ್ಡದಲ್ಲಾದರೋ ಮಳೆಯ ಜೊತೆಗೆ ಮಣ್ಣೂ ಕೊಚ್ಚಿ ಹೋಗಿ ಹೊಳೆಯ ತಳದಲ್ಲಿ ಹೂಳಾಗುತ್ತದೆ.

ಈ ಕಾಡಿನಲ್ಲಿ ಸಿಂಗಳೀಕ ಇದೆ. ಅದು ನೆಲಕ್ಕಿಳಿಯುವುದೇ ಅಪರೂಪ. ಕೊಂಬೆಯಿಂದ ಕೊಂಬೆಗೆ ದಾಟುತ್ತಾ ಬದುಕುತ್ತದೆ. ಮರಗಳ ಸಾಲು ಕಡಿದರೆ ಅದರ ದಾರಿಯೇ ಕಡಿದಂತೆ.

1987ರಲ್ಲಿ ಇಲ್ಲಿಯ ಕಾಡನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಗಣಿ ಮಾತ್ರ ನಡೆಯುತ್ತಲೇ ಇತ್ತು. ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪ ಅವರು ಸಲ್ಲಿಸಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2002ರಲ್ಲಿ ತೀರ್ಪು ಕೊಟ್ಟಿತು. 2005ರ ಕೊನೆಗೆ ಗಣಿಗಾರಿಕೆ ನಿಂತಿತು.

ಇದರಿಂದ ಎಲ್ಲರಿಗೂ ಒಳ್ಳೆಯದೇ ಆಯಿತು ಎನ್ನುವಂತಿಲ್ಲ. ಗಣಿಯ ಕೆಲಸವನ್ನೇ ನಂಬಿದ್ದ ಅನೇಕ ಕುಟುಂಬಗಳು ಊರು ಬಿಡಬೇಕಾಯಿತು. ನಮಗೆ ಕಬ್ಬಿಣವೂ ಬೇಕು: ನಿಮ್ಮ ಸೈಕಲ್ಲು, ಶಾಲೆಯ ಕಿಟಕಿಯ ಸರಳು ಎಲ್ಲವೂ ಅದರಿಂದಲೇ ಆದವು. ಹಳೆಯ ಗುಜರಿ ಕಬ್ಬಿಣವನ್ನು ಕರಗಿಸಿ ಮತ್ತೆ ಬಳಸಬಹುದು. ಆದರೆ ಕಡಿದುಹೋದ ಬೆಟ್ಟವನ್ನು, ಅದರ ಮೇಲಿದ್ದ ಶೋಲಾವನ್ನು ಮತ್ತೆ ಎರಕ ಹೊಯ್ಯಲು ಯಾವ ಕುಲುಮೆಯೂ ಇಲ್ಲ. ಗಣಿ ನಿಂತರೂ ಲಕ್ಯಾ ಅಣೆಕಟ್ಟಿನ ಹಿಂದೆ ಆ ಕೆಸರಿನ ರಾಶಿ ಹಾಗೇ ಉಳಿದಿದೆ. ಅದನ್ನು ಪ್ರತಿ ಮಳೆಗಾಲವೂ ಕಾಯುತ್ತಿರಬೇಕು.

ಮಾಡಿ ನೋಡಿ: ಎರಡು ತಟ್ಟೆ ತೆಗೆದುಕೊಳ್ಳಿ. ಒಂದರಲ್ಲಿ ಬೇರುಸಹಿತ ಕಿತ್ತ ಹುಲ್ಲಿನ ಹೆಂಟೆ, ಇನ್ನೊಂದರಲ್ಲಿ ಬರಿ ಮಣ್ಣು ಇಡಿ. ಎರಡನ್ನೂ ಒಂದೇ ರೀತಿ ಓರೆಯಾಗಿಸಿ, ಕೆಳಗೆ ಒಂದೊಂದು ಗಾಜಿನ ಲೋಟ ಇಡಿ. ಎರಡಕ್ಕೂ ಸಮನಾಗಿ ನೀರು ಚಿಮುಕಿಸಿ. ಯಾವ ಲೋಟ ಬೇಗ ತುಂಬಿತು? ಯಾವುದರ ನೀರು ಹೆಚ್ಚು ಕದಡಿದೆ? ಒಂದು ರಾತ್ರಿ ಅಲುಗಿಸದೆ ಬಿಡಿ. ಮರುದಿನ ತಳದಲ್ಲಿ ಕೂತ ಹೂಳನ್ನು ಅಳೆಪಟ್ಟಿಯಿಂದ ಅಳೆದು, ಎಷ್ಟು ಮಿ.ಮೀ. ಇದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.