ಮಕ್ಕಳ ಗೊರಕೆಯನ್ನು ಅಲಕ್ಷಿಸಬೇಡಿ



ಕಬ್ಬು ಕಡಿದು ದಣಿದ ದೊಡ್ಡವರು ಗೊರಕೆ ಹೊಡೆಯುವುದು ನಮಗೆ ಹೊಸತಲ್ಲ. ಆದರೆ ಐದು ವರ್ಷದ ಮಗು ದಿನಾಲು ಗೊರಕೆ ಹೊಡೆದರೆ, 'ಆಡಿ ದಣಿದಿದೆ, ಒಳ್ಳೇ ನಿದ್ದೆ ಬಂದಿದೆ' ಎಂದು ಸುಮ್ಮನಿರಬಾರದು. ನೆಗಡಿಯಾದಾಗ ನಾಲ್ಕು ದಿನ ಗೊರಕೆ ಬರುವುದು ಸಹಜ. ವಾರಕ್ಕೆ ಮೂರು ರಾತ್ರಿಗಿಂತ ಹೆಚ್ಚು, ತಿಂಗಳುಗಟ್ಟಲೆ ಬಂದರೆ ವೈದ್ಯರಿಗೆ ತೋರಿಸಬೇಕು.

ಕಾರಣವೇನು?

ಗಂಟಲಿನ ಎರಡೂ ಬದಿಗೆ ಟಾನ್ಸಿಲ್, ಮೂಗಿನ ಹಿಂಭಾಗದಲ್ಲಿ ಅಡಿನಾಯ್ಡ್ ಎಂಬ ಮೆತ್ತನೆಯ ಗಡ್ಡೆಗಳಿವೆ. 2ರಿಂದ 8 ವರ್ಷದ ಮಕ್ಕಳಲ್ಲಿ ಉಸಿರಿನ ದಾರಿ ಸಣ್ಣದು, ಗಡ್ಡೆಗಳು ದೊಡ್ಡವು. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಾದಾಗ ದಾರಿ ಮುಚ್ಚಿ ಉಸಿರು ನಿಲ್ಲುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮಗು ಬೆಚ್ಚಿ ಮತ್ತೆ ಉಸಿರೆಳೆಯುತ್ತದೆ. ಹೀಗೆ ರಾತ್ರಿಯಿಡೀ ನಿದ್ದೆ ಕೆಡುತ್ತದೆ. ಒಲೆಯ ಹೊಗೆ, ಬೀಡಿ ಹೊಗೆಗಳಿಂದ ಮೂಗು ಇನ್ನಷ್ಟು ಕಟ್ಟುತ್ತದೆ.

ಗುರುತಿಸುವುದು ಹೇಗೆ?

1. ಗೊರಕೆಯ ನಡುವೆ ಉಸಿರು ನಿಂತು, ಒಮ್ಮೆಲೇ ಏದುಸಿರು ಬಿಡುವುದು.
2. ಬಾಯಿ ತೆರೆದು, ಕತ್ತು ಹಿಂದಕ್ಕೆ ಚಾಚಿ ಮಲಗುವುದು. ಉಸಿರೆಳೆಯುವಾಗ ಎದೆ ಒಳಗೆ ಸೇದುವುದು.
3. ದೊಡ್ಡದಾದ ಮೇಲೂ ಹಾಸಿಗೆ ಒದ್ದೆ ಮಾಡುವುದು, ಬೆವರುವುದು.
4. ಹಗಲು ಚಡಪಡಿಕೆ, ಸಿಡುಕು, ಓದಿನಲ್ಲಿ ಹಿಂದೆ ಬೀಳುವುದು, ಮೈ ಬೆಳೆಯದಿರುವುದು.

ದೊಡ್ಡವರಂತೆ ಮಕ್ಕಳು ಹಗಲು ತೂಕಡಿಸುವುದು ಕಡಿಮೆ. ಬದಲಿಗೆ ತುಂಟತನ ಹೆಚ್ಚುತ್ತದೆ. ಬಹುಕಾಲ ಬಿಟ್ಟರೆ ಹೃದಯಕ್ಕೂ ಹೊರೆಯಾಗಬಹುದು. ಮಗು ಮಲಗಿದಾಗ ಮೊಬೈಲಿನಲ್ಲಿ ಚಿತ್ರೀಕರಿಸಿ ವೈದ್ಯರಿಗೆ ತೋರಿಸಿ.

ತಪಾಸಣೆ ಮತ್ತು ಚಿಕಿತ್ಸೆ

ಕಿವಿ-ಮೂಗು-ಗಂಟಲಿನ ತಜ್ಞರು ಬಾಯಿ ನೋಡಿ, ಮೂಗಿನಲ್ಲಿ ಸಣ್ಣ ದುರ್ಬೀನು ಹಾಕಿ ಅಥವಾ ಎಕ್ಸ್‌-ರೇ ತೆಗೆದು ಗಡ್ಡೆಯ ಗಾತ್ರ ತಿಳಿಯುತ್ತಾರೆ. ರಾತ್ರಿಯಿಡೀ ನಡೆಸುವ ನಿದ್ರಾ ಪರೀಕ್ಷೆ ಎಲ್ಲಕ್ಕಿಂತ ಖಚಿತ. ಆದರೆ ಅದು ಎಲ್ಲ ಊರುಗಳಲ್ಲಿ ಸಿಗದು. ತೊಂದರೆ ಅಲ್ಪವಿದ್ದರೆ ಮೂಗಿಗೆ ಸಿಂಪಡಿಸುವ ಔಷಧ ಕೊಟ್ಟು ಕಾಯಬಹುದು. ಹೆಚ್ಚಿದ್ದರೆ ಪೂರ್ಣ ಅರಿವಳಿಕೆ ಕೊಟ್ಟು, ಬಾಯಿಯ ಮೂಲಕವೇ ಗಡ್ಡೆ ತೆಗೆಯುತ್ತಾರೆ, ಹೊರಗೆ ಗಾಯವಿಲ್ಲ.

ಅಮೆರಿಕದಲ್ಲಿ 5ರಿಂದ 9 ವರ್ಷದ 464 ಮಕ್ಕಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಏಳು ತಿಂಗಳ ನಂತರ ಶಸ್ತ್ರಕ್ರಿಯೆಯಾದವರಲ್ಲಿ ಶೇ. 79, ಕಾದು ನೋಡಿದವರಲ್ಲಿ ಶೇ. 46 ಮಕ್ಕಳ ನಿದ್ರಾ ಪರೀಕ್ಷೆ ಸಹಜವಾಗಿತ್ತು. ಆದ್ದರಿಂದ ಎಲ್ಲರಿಗೂ ಆಪರೇಶನ್ ಬೇಕಿಲ್ಲ. ಬೇಕಾದವರಿಗೆ ತಡ ಮಾಡಬಾರದು. ಮೈ ತುಂಬ ದಪ್ಪವಿರುವ ಮಕ್ಕಳಲ್ಲಿ ತೊಂದರೆ ಉಳಿಯಬಹುದು. ಅವರನ್ನು ಮತ್ತೆ ತೋರಿಸಬೇಕು. ಟಾನ್ಸಿಲ್ ತೆಗೆದರೆ ರೋಗನಿರೋಧಕ ಶಕ್ತಿ ಹೋಗುತ್ತದೆಂಬ ಭಯ ಬೇಡ. ದೇಹದ ಬೇರೆ ಭಾಗಗಳು ಆ ಕೆಲಸ ಮಾಡುತ್ತವೆ.

ಆಪರೇಶನ್ ನಂತರ

ನೀರು, ಗಂಜಿ, ಮೆತ್ತನೆಯ ಅನ್ನ ಆಗಾಗ ಕೊಡಿ. ವೈದ್ಯರು ಹೇಳದ ನೋವಿನ ಗುಳಿಗೆ, ಮುಖ್ಯವಾಗಿ ಆಸ್ಪಿರಿನ್, ಬೇಡ. ಮೊದಲ ದಿನ, ಮತ್ತು 5ರಿಂದ 10ನೇ ದಿನದೊಳಗೆ ರಕ್ತ ಬರುವ ಸಂಭವವುಂಟು. ಉಗುಳಿನಲ್ಲಿ ಕೆಂಪು ರಕ್ತ ಕಂಡರೆ, ಸ್ವಲ್ಪವೇ ಇದ್ದರೂ, ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಎರಡು ವಾರ ಮಗುವನ್ನು ದೂರದ ಹೊಲಕ್ಕೆ ಕರೆದೊಯ್ಯಬೇಡಿ. ಕಬ್ಬಿನ ಹಂಗಾಮು ಮುಗಿದ ಮೇಲೆ ದಿನ ಗೊತ್ತುಮಾಡಬಹುದೇ ಎಂದು ವೈದ್ಯರನ್ನು ಕೇಳಿ. ಮನೆಯಲ್ಲಿ ಒಬ್ಬರು ಇರಲು ಅನುಕೂಲ.

ಎಲ್ಲಿಗೆ ಹೋಗಬೇಕು?

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿ, ಶಾಲೆಗಳಿಗೆ ಬಂದಾಗ ಹೇಳಿ. ಗಡಹಿಂಗ್ಲಜದ ಉಪಜಿಲ್ಲಾ ಆಸ್ಪತ್ರೆ, ಇಚಲಕರಂಜಿಯ ಐಜಿಎಂ ಆಸ್ಪತ್ರೆ, ಕೊಲ್ಹಾಪುರದ ಸಿ.ಪಿ.ಆರ್. ಆಸ್ಪತ್ರೆ ಇವುಗಳಲ್ಲಿ ಸಮೀಪದ್ದಕ್ಕೆ ಹೋಗಿ ಕೇಳಿ. ಇಂದು ರಾತ್ರಿ ಮಗು ಮಲಗಿದ ಮೇಲೆ ಹತ್ತು ನಿಮಿಷ ಅದರ ಉಸಿರನ್ನು ಗಮನಿಸಿರಿ.